ಕೂಸು ಸೀನಿದರೆ ಮೊಸರು ಬಂದ್

ನನ್ನ ಮೊಮ್ಮಗಳು ಸೀನಿದಳು. ನನ್ನ ಮಗಳ ತಾಟಿನಿಂದ ಮೊಸರು ಹೋಯಿತು.

ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳುತ್ತೀರಾ? ನಾನೂ ಕೇಳಿದ್ದೆ. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನನ್ನ ಹೆಂಡತಿ ಗಿರಿಜಾ, "ತಾಯಿ ಮಸರು ಉಂಡ್ರ ಹಾಲು ಥಂಡಿ ಆಗ್ತಾವು. ಹಾಲು ಥಂಡಿ ಆದ್ರ ಕೂಸಿಗೆ ನೆಗಡಿ. ಇಷ್ಟೂ ಗೊತ್ತಿಲ್ಲೇನ್ರಿ ನಿಮಗ?" ಎಂದಳು. ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ವಯಸ್ಸು ನನ್ನದಲ್ಲ. ಗೋಣು ಹಾಕಿದೆ.

ಗೋಣು ಹಾಕಿದ್ದಷ್ಟೇ ಅಲ್ಲ, ಬರೆದೂ ಇಟ್ಟೆ. ಎಡವಟ್ಟು ಶುರುವಾದದ್ದು ಅಲ್ಲಿಂದ.

ಈ ಅಂಕಣ ಓದುವವರಿಗೆ ನನ್ನ ಪೂರ್ವಾಶ್ರಮ ಗೊತ್ತು. (ಗೊತ್ತಿಲ್ಲದವರು ಅದೃಷ್ಟವಂತರು.) ದಾಂಡೇಲಿಯಲ್ಲಿ, ಕಾಗದದ ಮಿಲ್ಲಿನ ಪಲ್ಪ್ ಸೆಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಕೊನೆಯ ಹತ್ತು ವರ್ಷ ಶಿಫ್ಟ್ ಇನ್‌ಚಾರ್ಜ್. ಶಿಫ್ಟ್ ಇನ್‌ಚಾರ್ಜ್ ಎಂದರೆ ಏನು? ರಿಜಿಸ್ಟರ್ ಬರೆಯುವವನು. ಪಂಪು ಸೋರಿದರೆ ಬರೆ, ಬೇರಿಂಗ್ ಬಿಸಿಯಾದರೆ ಬರೆ, ಮೋಟರು ಗೊರಕೆ ಹೊಡೆದರೆ ಬರೆ. ನಾಲ್ಕು ಕಾಲಂ. ವೇಳೆ, ದೋಷ, ಸಂಭವನೀಯ ಕಾರಣ, ಕೈಗೊಂಡ ಕ್ರಮ. ಕೊನೆಯ ಕಾಲಂ ಖಾಲಿ ಬಿಡಬಾರದು ಎಂಬುದು ನನಗೆ ನಾನೇ ಹಾಕಿಕೊಂಡ ನಿಯಮ. ಏನು ಮಾಡಬೇಕೆಂದು ತೋಚದಿದ್ದರೂ ಏನಾದರೊಂದು ಮಾಡಿ, ಬರೆದು, ಸಹಿ ಹಾಕಿ ಮನೆಗೆ ಬರುತ್ತಿದ್ದೆ.

ರಿಟೈರ್ ಆಗಿ ಎರಡು ವರ್ಷ. ಬರೆಯಲು ಮಶೀನಿಲ್ಲದೆ ಕೈ ಚಡಪಡಿಸುತ್ತಿತ್ತು. ಅಷ್ಟರಲ್ಲಿ ಮೊಮ್ಮಗಳು ಬಂದಳು.

ಮಗಳು ವೀಣಾ, ಇಪ್ಪತ್ತೆಂಟರವಳು, ಹಳಿಯಾಳದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಅಳಿಯ ಅಲ್ಲೇ ಹೈಸ್ಕೂಲ್ ಮಾಸ್ತರ. ಭಾನುವಾರ ಬಸ್ ಹಿಡಿದು ಬರುತ್ತಾನೆ, ಕೂಸನ್ನು ಎತ್ತಿಕೊಂಡು ಕೂಡುತ್ತಾನೆ, ಯಾವ ವಿಷಯಕ್ಕೂ ಅಭಿಪ್ರಾಯ ಕೊಡುವುದಿಲ್ಲ. ಜಾಣ.

ಅವನು ಕೊಡದ ಅಭಿಪ್ರಾಯಗಳನ್ನೆಲ್ಲ ಅವನ ತಾಯಿ ಕೊಡುತ್ತಾರೆ. ನಮ್ಮ ಬೀಗತಿ ಸುಶೀಲಾಬಾಯಿ. ಇರುವುದು ಮುಂಡಗೋಡದಲ್ಲಿ, ಆದರೆ ದಿನಕ್ಕೆರಡು ಸಲ ವಿಡಿಯೋ ಕಾಲ್‌ನಲ್ಲಿ ಹಾಜರ್. "ಫೋನ್ ಜರಾ ಕೆಳಗ ಹಿಡೀರಿ, ನೆತ್ತಿ ನೋಡೂಣು. ಈಗ ನಾಲಿಗಿ. ಈಗ ಹೊಟ್ಟಿ." ಫೋನಿನೊಳಗಿಂದ ಕೈ ಚಾಚಿ ಹೊಟ್ಟೆ ಒತ್ತಿ ನೋಡಲು ಬರುವುದಿಲ್ಲವಲ್ಲ ಎಂಬುದೊಂದೇ ಅವರ ಕೊರಗು.

ಇನ್ನು ಗಿರಿಜಾ. ವೀಣಾ ಹುಟ್ಟಿದಾಗ ಗಿರಿಜಾಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ ಆದದ್ದು ಇದೇ ಮನೆಯಲ್ಲಿ, ನನ್ನ ತಾಯಿಯ ಕೈಯಲ್ಲಿ. ಅವಳ ಬಾಣಂತನದ ಶಾಸ್ತ್ರವೆಲ್ಲ ಅಲ್ಲಿ ಕಲಿತದ್ದು. ಬಾಗಿಲು ಬಂದ್, ಕಿಟಕಿ ಬಂದ್, ಫ್ಯಾನ್ ಬಂದ್, ತಾಯಿಯ ಕಿವಿಗೆ ಅರಳೆ, ಕೂಸಿನ ತಲೆಗೆ ಕುಂಚಿಗೆ, ಎರೆದ ಮೇಲೆ ಇಬ್ಬರಿಗೂ ಲೋಬಾನದ ಹೊಗೆ. ಹೊರಗೆ ಏಪ್ರಿಲ್ ಬಿಸಿಲು. ಒಳಗೆ ನಮ್ಮ ಹಳೆಯ ಬಾಯ್ಲರ್ ಹೌಸಿನ ನೆನಪು.

ಹೀಗಾಗಿ ನಮ್ಮ ಮನೆಯಲ್ಲಿ ಎರಡು ಅಜ್ಜಿ, ಒಂದು ಕೂಸು, ಒಂದು ರಿಜಿಸ್ಟರು. ಮೊದಲ ಎಂಟ್ರಿ ನೀವು ಓದಿಯಾಗಿದೆ. ದೋಷ: ಸೀನು. ಕಾರಣ: ಮೊಸರು. ಕ್ರಮ: ಮೊಸರು ಬಂದ್.

ಎರಡನೆಯದು ಕಕ್ಕುವುದು. ಕೂಸು ಹೊಟ್ಟೆ ತುಂಬ ಹಾಲು ಕುಡಿದು, ನನ್ನ ಮುಖ ನೋಡಿ ಇಷ್ಟಗಲ ನಕ್ಕು, ನನ್ನ ಹೊಸ ಬನಿಯನ್ ಮೇಲೆ ಕಕ್ಕಿತು. ಸುಶೀಲಾಬಾಯಿ ಮುಂಡಗೋಡದಿಂದ ಬನಿಯನ್ ಪರೀಕ್ಷೆ ಮಾಡಿದರು. "ವೀಣಾ ತೊಗರಿಬ್ಯಾಳಿ ಉಂಡಾಳೇನ್ರಿ? ಅದ ಮತ್ತ. ಕೂಸಿಗೆ ಜಡ ಆಗೇತಿ." ಬೇಳೆ ಬಂದ್.

ಮೂರನೆಯದು ಬಿಕ್ಕಳಿಕೆ. ಬಾಳೆಹಣ್ಣು ಬಂದ್.

ನಾಲ್ಕನೆಯದು ಬಣ್ಣದ ಸಮಸ್ಯೆ. ಕೂಸಿಗೆ ಸುತ್ತಿದ ದುಪಟಿ ಬಿಚ್ಚಿದರೆ ಹಳದಿ ಇರಬೇಕಾದದ್ದು ಹಸಿರು. "ಹಸರ ಬಣ್ಣ ಎಲ್ಲಿಂದ ಬರ್ತೈತ್ರಿ? ಸೊಪ್ಪಿನಿಂದನ ಬರ್ಬೇಕಲ್ಲ?" ಎಂದಳು ಗಿರಿಜಾ. ಮೆಂತ್ಯ, ಪಾಲಕ, ಪುಂಡಿ, ಎಲ್ಲ ಸೊಪ್ಪೂ ಬಂದ್. ಹಾಗಾದರೆ ವೀಣಾ ಬಿಳಿ ಅನ್ನ ಉಂಡಾಗ ಹಳದಿ ಹೇಗೆ ಬರುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಐದನೆಯದು ಬೀಗರ ನಡುವಿನ ಯುದ್ಧ. ಕೂಸಿನ ಕುತ್ತಿಗೆಯ ಸುಕ್ಕಿನಲ್ಲಿ, ಬೆನ್ನ ಮೇಲೆ ಕೆಂಪು ಕೆಂಪು ಗುಳ್ಳೆ ಎದ್ದವು. ಗಿರಿಜಾ ತಡಮಾಡದೆ ಅಂಟಿನ ಉಂಡೆಯ ಕಡೆ ಬೆರಳು ತೋರಿಸಿದಳು. "ಉಷ್ಣ ಆಗೇತಿ." ಆ ಉಂಡೆ ಯಾರು ಕಟ್ಟಿದ್ದು? ಸುಶೀಲಾಬಾಯಿ. ಒಣಕೊಬ್ಬರಿ, ಉತ್ತತ್ತಿ, ತುಪ್ಪ ಸುರಿದು ಕಟ್ಟಿ ಒಂದು ದೊಡ್ಡ ಡಬ್ಬಿ ತುಂಬ ತಂದುಕೊಟ್ಟಿದ್ದರು. ವಿಡಿಯೋದಲ್ಲಿ ಅವರ ಮುಖ ಸಣ್ಣಗಾಯಿತು. "ಹಂಗಾ? ಇರಲಿ ಬಿಡ್ರಿ," ಎಂದರು. ಮರುದಿನ ಕೂಸು ಒಂದು ಸಲ ಕೆಮ್ಮಿತು. "ವೈನಿ, ನೀವು ಆಕಿಗೆ ಶೇಂಗಾದ ಚಟ್ನಿ ಕೊಡಾಕತ್ತೀರೇನು?" ಎಂದು ಕೇಳಿದರು ಸುಶೀಲಾಬಾಯಿ. ಗಿರಿಜಾಳ ಶೇಂಗಾ ಚಟ್ನಿಯೂ ಬಂದ್. ಸ್ಕೋರು ಸಮ. ನಡುವೆ ಹಸಿದವಳು ನನ್ನ ಮಗಳು.

ಆರನೆಯದು ಕೂಸು ಐದು ದಿನ ಎರಡಕ್ಕೆ ಹೋಗಲಿಲ್ಲ. ಜೋಳದ ರೊಟ್ಟಿ ಬಂದ್. ಆರನೇ ದಿನ ಹೋಯಿತು. ಹೇಗೆ ಹೋಯಿತೆಂದರೆ ದುಪಟಿ, ಕೌದಿ, ನನ್ನ ಲುಂಗಿ ಮೂರನ್ನೂ ಒಗೆಯಬೇಕಾಯಿತು. ರೊಟ್ಟಿ ಬಿಡಿಸಿದ್ದರಿಂದಲೇ ಹೋಯಿತೆಂದು ಇಬ್ಬರೂ ಅಜ್ಜಿಯರು ಒಮ್ಮತದಿಂದ ಹೇಳಿದರು. ಅಪರೂಪದ ಒಮ್ಮತ. ಅದನ್ನೂ ಬರೆದೆ.

ನನ್ನ ಕೊಡುಗೆ ಏನೂ ಇಲ್ಲ ಅಂದುಕೊಳ್ಳಬೇಡಿ. ಡೈಜೆಸ್ಟರ್ ನಡೆಸಿದವನು ನಾನು. ಕಟ್ಟಿಗೆ ಚೂರನ್ನು ಬೇಯಿಸಿ ಪಲ್ಪ್ ಮಾಡುವ ದೊಡ್ಡ ಹಂಡೆ ಅದು. ಒಳಗೆ ಗ್ಯಾಸ್ ಕೂತರೆ ಹೊರಗೆ ಬಿಡಬೇಕು. ಕೂಸನ್ನು ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು, ಬೆನ್ನ ಮೇಲೆ ಮೆಲ್ಲಗೆ ತಟ್ಟುತ್ತ ಅಂಗಳದಲ್ಲಿ ಹತ್ತು ಸುತ್ತು ಹಾಕಿದರೆ, "ಡರ್" ಎಂದು ಒಂದು ತೇಗು. ಎಂಥ ತೇಗು ಅಂತೀರಿ! ನಾಲ್ಕು ಕಿಲೋದ ದೇಹದಿಂದ ಪೈಲ್ವಾನನ ತೇಗು. ತೇಗಿಸುವುದರಲ್ಲಿ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ಏಳನೇ ದೋಷ ಉಳಿದೆಲ್ಲದರ ಅಪ್ಪ. ಸಂಜೆಯ ಅಳು.

ಸಂಜೆ ಐದೂವರೆಗೆ ಶುರು, ಏಳಕ್ಕೆ ಬಂದ್. ಇಷ್ಟು ಪಂಕ್ಚುವಲ್ ಕೆಲಸಗಾರ ನನ್ನ ಕೈಕೆಳಗೆ ಒಬ್ಬನೂ ಇರಲಿಲ್ಲ. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಜ್ವರವಿಲ್ಲ, ಆದರೂ ಮುಖ ಕೆಂಪಗೆ ಮಾಡಿಕೊಂಡು, ಕಾಲು ಹೊಟ್ಟೆಗೆ ಎಳೆದುಕೊಂಡು ಅಳು. ಗಿರಿಜಾ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಪಕ್ಕದ ಮನೆಯ ಮಾಲೂತಾಯಿ, ಬೆಳಗಾವಿ ಕಡೆಯವರು, ಕಾಂಪೌಂಡಿನ ಆಚೆಯಿಂದಲೇ, "ಅಗಬಾಯಿ! ಇದು ವಾಯು ಅದ. ತಾಯಿಗೆ ಬಟಾಟಿ ಕೊಡಬ್ಯಾಡ್ರಿ, ಕೋಬಿ ಕೊಡಬ್ಯಾಡ್ರಿ, ಕಡ್ಲಿ ಕೊಡಬ್ಯಾಡ್ರಿ," ಎಂದು ಒಂದೇ ಉಸಿರಿಗೆ ಮೂರು ಹೇಳಿದರು. ಆಲೂಗಡ್ಡೆ, ಎಲೆಕೋಸು, ಕಡಲೆ, ಒಂದೇ ಸಂಜೆ ಮೂರು ಕ್ರಮ! ನನ್ನ ಕಾಲಂ ಸಾಲದೆ ಪಕ್ಕಕ್ಕೆ ಅಂಟಿಸಿ ಬರೆದೆ.

ಐದನೇ ವಾರದ ಕೊನೆಗೆ ವೀಣಾಳ ತಾಟಿನಲ್ಲಿ ಉಳಿದದ್ದು ಅನ್ನ, ತುಪ್ಪ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಹೊತ್ತುಹೊತ್ತಿಗೂ ಅದೇ.

ಕೆಮಿಸ್ಟ್ರಿ ಓದಿದವಳಲ್ಲವೇ, ಅವಳು ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಹಿಡಿದು ನಿಲ್ಲಿಸಿದಳು.

"ಅಪ್ಪಾ, ಮಸರು ಬಿಟ್ಟು ಮೂರು ವಾರ ಆತು. ಕೂಸು ಇನ್ನೂ ಸೀನಾಕತ್ತೈತಿ. ಹಂಗಾದ್ರ ತಪ್ಪು ಮಸರಿಂದಲ್ಲ, ಹೌದಲ್ಲೋ?"

"ಹೌದು."

"ಮತ್ತ ಮಸರು ವಾಪಸ್ ಕೊಡಾಕ ಹೇಳ್ರಿ ಅವ್ವಗ."

ನಾನು ರಿಜಿಸ್ಟರ್ ತಿರುವಿ ನೋಡಿದೆ. ಕೈಗೊಂಡ ಕ್ರಮಕ್ಕೆ ಕಾಲಂ ಇತ್ತು. ಕೈಗೊಂಡ ಕ್ರಮವನ್ನು ವಾಪಸ್ ಪಡೆಯಲು ಕಾಲಂ ಇರಲಿಲ್ಲ. "ಇನ್ನೊಂದ ವಾರ ತಡಿಯವ್ವಾ, ಟ್ರಯಲ್ ನಡದೈತಿ," ಎಂದೆ. ಅವಳು ಒಳಗೆ ಹೋದಳು.

ಈಗ ಬಾಳೆಹಣ್ಣಿನ ಪ್ರಕರಣ. ಜೋಯಿಡಾ ತಾಲೂಕಿನ ಅಣಶಿಯಲ್ಲಿ ನನ್ನ ಹಳೆಯ ಗೆಳೆಯನಿದ್ದಾನೆ. ಮೊಮ್ಮಗಳು ಹುಟ್ಟಿದ ಖುಷಿಗೆ ಒಂದು ಗೊನೆ ಬಾಳೆಹಣ್ಣು ಕಳಿಸಿದ್ದ. ಹಿಂದಿನ ಖೋಲಿಯಲ್ಲಿ ನೇತು ಹಾಕಿದ್ದೆವು. ಹಣ್ಣಾಗುತ್ತ ಹೋದಂತೆ ವಾಸನೆ ಮನೆಯೆಲ್ಲ ತುಂಬಿತು, ಬಾಣಂತಿಯ ಖೋಲಿಯನ್ನೂ ಸೇರಿಸಿ. ನಾವೆಲ್ಲ ತಿಂದೆವು. ಮಾಲೂತಾಯಿಗೆ ಕೊಟ್ಟೆವು. ಹಾಲಿನವನಿಗೂ ಕೊಟ್ಟೆವು.

ಒಂದು ದಿನ ಗಿರಿಜಾ ತೊಟ್ಟಿಲ ಕೌದಿ ಝಾಡಿಸುವಾಗ ಕೆಳಗೆ ಬಿತ್ತು, ಕರ್ಚೀಫಿನಲ್ಲಿ ನೀಟಾಗಿ ಮಡಚಿಟ್ಟ ಬಾಳೆಹಣ್ಣಿನ ಸಿಪ್ಪೆ.

ಕೋರ್ಟು ಕೂತಿತು. ಸುಶೀಲಾಬಾಯಿಗೆ ತುರ್ತು ಕಾಲ್ ಹೋಯಿತು. ಸಿಪ್ಪೆಯನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸಲಾಯಿತು. ದುರದೃಷ್ಟಕ್ಕೆ ಅದೇ ವೇಳೆಗೆ ಕೂಸು ಬಿಕ್ಕಳಿಸಿತು. ಸಾಕ್ಷಿಯೂ ಸಿಕ್ಕಿತು. "ನೋಡ್ರಿ! ನೋಡ್ರಿ!" ಎಂದರು ಮುಂಡಗೋಡದ ಜಡ್ಜು.

"ಹಸಿವಾಗಿತ್ತವ್ವಾ. ಅದಕ್ಕ ತಿಂದೆ," ಎಂದಳು ವೀಣಾ.

ನಾನು ರಿಜಿಸ್ಟರ್‌ನಲ್ಲಿ ಬರೆದೆ: ದೋಷ, ಬಿಕ್ಕಳಿಕೆ. ಕಾರಣ, ಕದ್ದು ತಿಂದ ಬಾಳೆಹಣ್ಣು. ಕ್ರಮ, ಗೊನೆ ಮಾಲೂತಾಯಿ ಮನೆಗೆ ವರ್ಗ. ಆಗ ಅದು ಭಾರಿ ತಮಾಷೆ ಎನಿಸಿತ್ತು. ಈಗ ಆ ಸಾಲು ಓದಿದರೆ ನಾಚಿಕೆಯಾಗುತ್ತದೆ. ಹತ್ತಾರು ಹುಡುಗರಿಗೆ ಪಾಠ ಹೇಳುವ ಹೆಣ್ಣುಮಗಳು, ಒಂದು ಕೂಸಿನ ತಾಯಿ, ತವರುಮನೆಯಲ್ಲಿ ಒಂದು ಬಾಳೆಹಣ್ಣನ್ನು ಕದ್ದು ತಿಂದು ಸಿಪ್ಪೆ ಬಚ್ಚಿಟ್ಟಿದ್ದಳು.

ಮರುದಿನ ಸಂಜೆ ಐದೂವರೆಗೆ ಕೂಸು ಡ್ಯೂಟಿಗೆ ಹಾಜರಾಯಿತು. ವೀಣಾ ಎತ್ತಿಕೊಳ್ಳಲು ಎದ್ದಳು. ಎತ್ತಿಕೊಂಡಳು. ಎರಡು ಹೆಜ್ಜೆ ಇಟ್ಟು, "ಅಪ್ಪಾ, ಇಕಿನ್ನ ಹಿಡೀರಿ," ಎಂದವಳೇ ಕೂಸನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಳು. ತುಟಿ ಬೆಳ್ಳಗಾಗಿತ್ತು. ಹಣೆಯ ಮೇಲೆ ಬೆವರು.

ಗಿರಿಜಾ ನೀರು ತಂದಳು. ಅಷ್ಟರಲ್ಲಿ ಸಂಜೆಯ ವಿಡಿಯೋ ಕಾಲ್‌ಗೆ ಬಂದ ಸುಶೀಲಾಬಾಯಿ, "ಆಕಿ ಕಡೆ ಶಕ್ತಿ ಇಲ್ರಿ, ಹಾಲೂ ಸಾಲವಲ್ದು, ಅದಕ್ಕ ಕೂಸು ಸಂಜಿಮುಂದ ಅಳತೈತಿ. ಬಾಟ್ಲಿ ಹಾಲು ಚಾಲೂ ಮಾಡ್ರಿ," ಎಂದರು. ಗಿರಿಜಾಳೂ ಅಳುಮೋರೆ ಮಾಡಿಕೊಂಡು, "ಹೌದ್ರಿ, ಒಂದ ಪುಡಿ ಹಾಲಿನ ಡಬ್ಬಿ ತರ್ರಿ," ಎಂದಳು. ನನಗೂ ಅದೇ ಸರಿ ಎನಿಸಿತು. ಕಾಲಂ ತುಂಬಬೇಕಲ್ಲ. ಚಪ್ಪಲಿ ಮೆಟ್ಟಿಕೊಂಡೆ.

ಆಗ ನೆಲದ ಮೇಲೆ ಕೂತಿದ್ದ ವೀಣಾ ಅತ್ತಳು. ಹುಟ್ಟಿದಾಗಿನಿಂದ ಅವಳ ಅಳು ನೋಡಿದವನು ನಾನು, ಇಂಥ ಅಳು ನೋಡಿರಲಿಲ್ಲ. "ಎಲ್ಲಾ ಕಸಗೊಂಡ್ರಿ. ನಾ ಏನೂ ಅನ್ನಲಿಲ್ಲ. ಈಗ ನನ್ನ ಹಾಲೂ ಕಸಗೋಬ್ಯಾಡ್ರಿ," ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತೆ. ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಬರಲೂ ಆಗಲಿಲ್ಲ.

ಗೇಟು ಸದ್ದಾಯಿತು. ಹೆಗಲಿಗೆ ಚೀಲ, ಕೈಯಲ್ಲಿ ಕೂಸು ತೂಗುವ ತಕ್ಕಡಿ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮರಿಯಾ. ಹಳಿಯಾಳ ಕಡೆಯ ಹಳ್ಳಿಯೊಂದರ ಸಿದ್ದಿ ಮನೆತನದವಳು, ಮದುವೆಯಾಗಿ ದಾಂಡೇಲಿಗೆ ಬಂದು ಹನ್ನೆರಡು ವರ್ಷ. ಈ ಓಣಿಯ ಅರ್ಧ ಕೂಸುಗಳ ತೂಕ ಅವಳಿಗೆ ಬಾಯಿಪಾಠ. ನಲವತ್ತೆರಡನೇ ದಿನದ ವಿಸಿಟ್ಟಿಗೆ ಬಂದಿದ್ದಳು. ಹಿಂದಿನ ಸಲಗಳಲ್ಲೂ ಬಂದಿದ್ದಳು, ಆದರೆ ಆಗೆಲ್ಲ ಗಿರಿಜಾ ಕೂಸನ್ನು ಪಡಸಾಲೆಗೆ ತಂದು ತೋರಿಸಿ, ಚಹಾ ಕುಡಿಸಿ ಕಳಿಸಿಬಿಟ್ಟಿದ್ದಳು. ಈ ಸಲ ಮರಿಯಾ ನೇರ ಬಾಣಂತಿಯ ಖೋಲಿಗೇ ಹೋದಳು.

ಹೋದವಳೇ ಸೀನಿದಳು. ಒಂದಲ್ಲ, ಮೂರು ಸಲ. (ಅವಳ ಮೊಸರನ್ನು ಯಾರೂ ಕಸಿದುಕೊಳ್ಳಲಿಲ್ಲ.)

"ಇದೇನ್ರಿ ಇಷ್ಟ ಲೋಬಾನದ ಹೊಗಿ? ಮೊದ್ಲ ಖಿಡಕಿ ತಗೀರಿ," ಎಂದಳು. ತೆಗೆದೆ. ವೀಣಾಳನ್ನು ಗಾಳಿಗೆ ಮಲಗಿಸಿ, ಕಾಲ ಕೆಳಗೆ ದಿಂಬು ಇಟ್ಟು, ಅವಳ ಕೆಳರೆಪ್ಪೆ ಎಳೆದು ನೋಡಿದಳು. ಆಮೇಲೆ ಅಳುತ್ತಿದ್ದ ಕೂಸನ್ನು ಜೋಳಿಗೆಯಲ್ಲಿ ತೂಗಿದಳು. ಥರ್ಮಾಮೀಟರ್ ಇಟ್ಟಳು.

"ಜ್ವರ ಇಲ್ಲ. ತೂಕ ಚಂದ ಏರೇತಿ. ದಿನಕ್ಕ ಎಷ್ಟ ಸಲ ಬಟ್ಟಿ ತೋಯಸತೈತಿ?"

ನನ್ನ ಎದೆ ಉಬ್ಬಿತು. ಈ ಪ್ರಶ್ನೆಗೆ ಇಡೀ ದಾಂಡೇಲಿಯಲ್ಲಿ ಲಿಖಿತ ಉತ್ತರ ಇದ್ದದ್ದು ನನ್ನ ಹತ್ತಿರ ಮಾತ್ರ. ರಿಜಿಸ್ಟರ್ ತಂದು ಮುಂದಿಟ್ಟೆ. "ನಿನ್ನೆ ಎಂಟು, ಮೊನ್ನೆ ಒಂಬತ್ತು."

"ಹಂಗಾದ್ರ ಹಾಲು ಸಾಲಾಕತ್ತಾವು. ಡಬ್ಬಿ ಯಾಕ?" ಎಂದು ನನ್ನ ಚಪ್ಪಲಿಯತ್ತ ನೋಡಿದಳು. ಬಿಚ್ಚಿಟ್ಟೆ.

ರಿಜಿಸ್ಟರ್ ಅವಳಿಗೆ ಭಾರಿ ಇಷ್ಟವಾದಂತೆ ಕಂಡಿತು. ಪುಟ ಪುಟ ತಿರುವಿದಳು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತೆ, ಶಭಾಷ್ ಎನ್ನುತ್ತಾಳೆಂದು.

"ಸೀನತೈತಿ ಅಂತ ಬರದೀರಿ. ಕಾಕಾ, ಸೀನಿ ಮೂಗು ಸ್ವಚ್ಛ ಮಾಡ್ಕೊಂತೈತಿ ಅದು. ಅದಕ್ಕ ಕರ್ಚೀಫ್ ಹಿಡಿಯಾಕ ಬರೂದಿಲ್ಲಲ್ಲ? ಹೊಗಿ ಹಾಕೂದು ಬಿಡ್ರಿ, ಮೂಗಿಗೆ ಎಣ್ಣಿ ಬಿಡಬ್ಯಾಡ್ರಿ. ಮೂಗು ಕಟ್ಟಿ ಕುಡಿಯಾಕ ತ್ರಾಸ ಆದ್ರ ಉಪ್ಪುನೀರಿನ ಹನಿ ಸಿಗ್ತಾವು, ಡಾಕ್ಟರ್ ಬರದು ಕೊಡ್ತಾರು."

"ಬಿಕ್ಕಳಿಕಿ?" ಎಂದೆ.

"ಬರ್ತೈತಿ, ಹೋಗ್ತೈತಿ. ತಾಯಿ ಹೊಟ್ಟ್ಯಾಗ ಇದ್ದಾಗೂ ಬರ್ತಿತ್ತು. ಆವಾಗ ಯಾರನ್ನ ಹಿಡದ ಕೋರ್ಟ್ ಮಾಡಿದ್ರಿ?"

ಬಾಳೆಹಣ್ಣಿನ ಎಂಟ್ರಿ ಓದಿದ್ದಾಳೆಂದು ಗೊತ್ತಾಯಿತು. ಗಿರಿಜಾ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಒಳಗಿಂದ ಸುಶೀಲಾಬಾಯಿ, "ಕತ್ತಲಾತಲ್ರಿ, ಏನಾತು? ಏನಾತು?" ಎನ್ನುತ್ತಿದ್ದರು.

ಕಕ್ಕಿದ್ದಕ್ಕೆ ಮರಿಯಾ ಕೇಳಿದ್ದು ಒಂದೇ. "ಕಕ್ಕಿ ಅಳತೈತೋ, ನಗತೈತೋ?" ನಗುತ್ತದೆ ಎಂದೆ. "ಮತ್ತ? ಕುಡಿಸಿದ ಮ್ಯಾಲ ತೇಗಿಸಿ ಸ್ವಲ್ಪ ಹೊತ್ತು ನೆಟ್ಟಗ ಹಿಡ್ಕೋರಿ." ತೇಗಿಸುವುದು ನನ್ನ ಇಲಾಖೆ ಎಂದೆ. ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಮ್ಮೊಮ್ಮೆ ಹಸಿರಾದರೆ ಹೆದರಬೇಕಿಲ್ಲವಂತೆ. ಬರೀ ತಾಯಿಹಾಲು ಕುಡಿಯುವ ಕೂಸು ಈ ವಯಸ್ಸಿನಲ್ಲಿ ನಾಲ್ಕೈದು ದಿನ ಎರಡಕ್ಕೆ ಹೋಗದಿದ್ದರೂ, ಹೋದಾಗ ಮೆತ್ತಗಿದ್ದು, ಆಟವಾಡಿಕೊಂಡು ಹಾಲು ಕುಡಿಯುತ್ತಿದ್ದರೆ ಗಾಬರಿ ಬೇಡವಂತೆ. ಮೈಮೇಲಿನ ಗುಳ್ಳೆ ಬೆವರುಸಾಲೆ. ಔಷಧ ಏನು? "ಕುಂಚಿಗಿ ತಗೀರಿ, ತೆಳ್ಳನ ಅರಬಿ ಹಾಕ್ರಿ, 'ಫ್ಯಾನ್' ಅಂತ ಒಂದ ಸ್ವಿಚ್ ಐತಲ್ಲ, ಅದನ್ನ ಒತ್ತರಿ. ಗಾಳಿ ನೆಟ್ಟಗ ಮಾರಿಗೆ ಹೊಡಿಯೂದು ಬ್ಯಾಡ, ಅಷ್ಟ."

"ಸಂಜಿ ಅಳು?" ನಾನು ಕೊನೆಯ ಅಸ್ತ್ರ ತೆಗೆದೆ.

"ಈ ವಯಸ್ಸಿನ ಕೂಸುಗೋಳು ಸಂಜಿಮುಂದ ಅಳತಾವ್ರಿ. ಆರನೇ ವಾರದಾಗ ಭಾಳ. ಮೂರು ನಾಕು ತಿಂಗಳಿಗೆ ತಾನ ಕಡಿಮಿ ಆಗ್ತೈತಿ. ಅಲ್ಲೀತನಕಾ ಪಾಳಿ ಮ್ಯಾಲ ಎತ್ಕೊಂಡು ಅಡ್ಡಾಡ್ರಿ. ಗ್ರೈಪ್ ವಾಟರ್ ಬ್ಯಾಡ, ಜೇನುತುಪ್ಪ ಬ್ಯಾಡ, ಬಜಿ ತೇದು ನೆಕ್ಕಸಬ್ಯಾಡ್ರಿ. ಆರು ತಿಂಗಳತನಕಾ ನೀರೂ ಬ್ಯಾಡ."

ಹಾಗಾದರೆ ಏಳು ದೋಷಗಳಲ್ಲಿ ದೋಷ ಎಷ್ಟು? ಒಂದೂ ಇಲ್ಲ! ನಾನು ಇಷ್ಟು ವಾರ ಒಂದು ಹೊಚ್ಚ ಹೊಸ ಮಶೀನಿನ ಸದ್ದು ಬರೆದುಕೊಂಡು ಕೂತಿದ್ದೆ.

ಮರಿಯಾ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದಳು. "ಕಾಕಾ, ಈ ಕಡಿ ಕಾಲಂ ಇಷ್ಟ ಓದ್ರಿ. ಮ್ಯಾಲಿಂದ ಕೆಳತನಕಾ. ಜೋರಾಗಿ."

ಕನ್ನಡಕ ಹಾಕಿಕೊಂಡು ಓದಿದೆ. ಮೊಸರು ಬಂದ್. ಬೇಳೆ ಬಂದ್. ಬಾಳೆಹಣ್ಣು ಬಂದ್. ಸೊಪ್ಪು ಬಂದ್. ಉಂಡೆ ಬಂದ್. ಶೇಂಗಾ ಬಂದ್. ರೊಟ್ಟಿ ಬಂದ್. ಬಟಾಟೆ, ಕೋಬಿ, ಕಡಲೆ ಬಂದ್. ಕಬ್ಬಿಣದ ಗುಳಿಗೆ, ಉಷ್ಣವಾಗುತ್ತದೆಂದು, ಬಂದ್. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು.

"ಸೀನಿದ್ದು ಕೂಸು. ಶಿಕ್ಷಾ ಯಾರಿಗ್ರಿ?" ಎಂದಳು ಮರಿಯಾ. "ಕೂಸಿನ ಹಾಲು ಕಡಿಮಿ ಆಗಿಲ್ಲ ಕಾಕಾ. ಹಾಲು ಕೊಡಾಕಿ ಕಡಿಮಿ ಆಗ್ಯಾಳ. ಇಷ್ಟ ದೊಡ್ಡ ರಿಜಿಸ್ಟರ್‌ನ್ಯಾಗ ನಿಮ್ಮ ಮಗಳು ಎಲ್ಲಿ ಅದಾಳು, ತೋರಸ್ರಿ."

ಎಲ್ಲಿಂದ ತೋರಿಸಲಿ? ಕೂಸು ಎಷ್ಟು ಸಲ ಕಕ್ಕಿತು, ಯಾವ ಬಣ್ಣ, ಎಷ್ಟು ನಿಮಿಷ ಅತ್ತಿತು, ಎಲ್ಲ ಇತ್ತು. ವೀಣಾ ಉಂಡಳೇ, ಮಲಗಿದಳೇ ಎಂಬುದು ಒಂದು ಸಾಲೂ ಇರಲಿಲ್ಲ. ಒಂದೇ ಕಡೆ ಅವಳ ಪ್ರಸ್ತಾಪವಿತ್ತು, ಅದೂ ಬಾಳೆಹಣ್ಣಿನ ಕಳ್ಳಿಯಾಗಿ. ನನಗೆ ಭಾರಿ ದುಃಖವಾಯಿತು. ಮಗಳ ಕಡೆ ನೋಡಲು ಮುಖವಿರಲಿಲ್ಲ.

ಹೋಗುವ ಮುಂಚೆ ಮರಿಯಾ ನನ್ನ ಪೆನ್ನು ಇಸಿದುಕೊಂಡು ರಟ್ಟಿನ ಒಳಬದಿಗೆ ನಾಲ್ಕು ಸಾಲು ಬರೆದಳು. ಅಂಕಣದ ಓದುಗರಲ್ಲಿ ಕೂಸಿದ್ದವರು ಇದನ್ನು ಕತ್ತರಿಸಿಟ್ಟುಕೊಳ್ಳಿ, ಉಳಿದದ್ದನ್ನು ಭಜಿ ಕಟ್ಟಲು ಬಳಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಉಸಿರು ಜೋರಾಗಿ ಎದೆ ಗುಳಿ ಬಿದ್ದರೆ, ಹಸಿರು ವಾಂತಿ ಅಥವಾ ಚಿಮ್ಮುವ ವಾಂತಿ ಆದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಯಾವ ಅಜ್ಜಿಗೂ ಫೋನ್ ಮಾಡಬೇಡಿ, ಯಾವ ಅಜ್ಜನೂ ಬರೆಯುತ್ತ ಕೂಡಬೇಡಿ. ನೇರ ದವಾಖಾನೆಗೆ ಹೋಗಿ.

ಮರುದಿನ ವೀಣಾಳನ್ನು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತ ಕಡಿಮೆ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, "ಏನ್ ಊಟ ಮಾಡ್ತಾರೆ?" ನಾನೂ ಗಿರಿಜಾಳೂ ನೆಲ ನೋಡಿದೆವು. ಗುಳಿಗೆ ಮತ್ತೆ ಶುರುವಾಯಿತು. ಊಟವೂ.

ಸುಶೀಲಾಬಾಯಿಗೆ ಸುದ್ದಿ ಮುಟ್ಟಿಸಿದವನು ಅಳಿಯ. ಮೊದಲ ಸಲ ಒಂದು ಅಭಿಪ್ರಾಯ ಕೊಟ್ಟನಂತೆ. ಏನೆಂದು ನನಗೆ ಗೊತ್ತಿಲ್ಲ. ಎರಡು ದಿನ ಬಿಟ್ಟು ಮುಂಡಗೋಡದ ಬಸ್ಸಿನಿಂದ ಸುಶೀಲಾಬಾಯಿ ಖುದ್ದು ಇಳಿದರು, ಕೈಯಲ್ಲಿ ಅಂಟಿನ ಉಂಡೆಯ ಹೊಸ ಡಬ್ಬಿ. ಗಿರಿಜಾ ಅದರಿಂದ ಮೊದಲ ಉಂಡೆ ತೆಗೆದು ತಾನೇ ವೀಣಾಳ ಬಾಯಿಗಿಟ್ಟಳು. ಶೇಂಗಾ ಚಟ್ನಿಯನ್ನು ಸುಶೀಲಾಬಾಯಿ ಬಡಿಸಿದರು.

ಕೂಸು ಏನು ಮಾಡಿತು? ಸಂಜೆ ಐದೂವರೆಗೆ ಸರಿಯಾಗಿ ಅತ್ತಿತು. ಈಗಲೂ ಅಳುತ್ತದೆ. ನಾನು, ಗಿರಿಜಾ, ಭಾನುವಾರ ಅಳಿಯ, ಪಾಳಿಯ ಮೇಲೆ ಎತ್ತಿಕೊಂಡು ಅಡ್ಡಾಡುತ್ತೇವೆ. ಆ ಒಂದೂವರೆ ತಾಸು ವೀಣಾ ಫ್ಯಾನಿನ ಕೆಳಗೆ ಮಲಗಿರುತ್ತಾಳೆ, ಕಿವಿಯಲ್ಲಿ ಅರಳೆ. (ಈ ಸಲ ಥಂಡಿಗಲ್ಲ, ಅಳು ಕೇಳದಿರಲಿ ಎಂದು ಅವಳೇ ಇಟ್ಟುಕೊಂಡದ್ದು.)

ರಿಜಿಸ್ಟರ್ ಬಿಟ್ಟೆನೇ? ಬಿಟ್ಟರೆ ನಾನು ಉಳಿಯುವುದುಂಟೇ? ಆದರೆ ಮೊನ್ನೆ ಸ್ಕೇಲು ಹಿಡಿದು ಹೊಸ ಕಾಲಂ ಎಳೆದೆ. ತಲೆಬರಹ: "ಬಾಣಂತಿ ಉಂಡಳೇ?" ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದೆವು. ವೀಣಾಳ ತಾಟಿನಲ್ಲಿ ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಬೇಳೆ, ಒಂದು ಬಟ್ಟಲು ಗಟ್ಟಿ ಮೊಸರು. ನಾನು ಎಲ್ಲರಿಗೂ ಕಾಣುವಂತೆ ರಿಜಿಸ್ಟರ್ ಎತ್ತಿ ಹಿಡಿದು, ಹೊಸ ಕಾಲಂನಲ್ಲಿ ಠೀವಿಯಿಂದ ಒಂದು ರೈಟ್ ಮಾರ್ಕ್ ಹಾಕಿದೆ. ವೀಣಾ ನಕ್ಕಳು.

ಗಿರಿಜಾ ನಗಲಿಲ್ಲ. ರೊಟ್ಟಿ ಮುರಿಯುತ್ತ ತಲೆ ಎತ್ತದೆ ಕೇಳಿದಳು, "ಚಲೋ ಐತಿ ಕಾಲಂ. ವೀಣಾ ಹುಟ್ಟಿದಾಗೂ ನೀವು ಇದ ಮನ್ಯಾಗ ಇದ್ರಿ. ನಾನೂ ಮೂರು ತಿಂಗಳ ಬರೇ ಮೆಣಸಿನ ಸಾರು ಉಂಡೆ. ಆವಾಗ ಯಾಕ ಎಳೀಲಿಲ್ರಿ ಈ ಕಾಲಂ?"

ಇಪ್ಪತ್ತೆಂಟು ವರ್ಷದಲ್ಲಿ ಅವಳು ಇದನ್ನು ಒಂದು ಸಲವೂ ಹೇಳಿರಲಿಲ್ಲ. ನಾನು ಒಂದು ಸಲವೂ ಕೇಳಿರಲಿಲ್ಲ. ಬಾಯಿ ತೆರೆದೆ. ಬಂದದ್ದು ಸೀನು.

ಗಿರಿಜಾ ಕೈ ಚಾಚಿ ನನ್ನ ತಾಟಿನ ಪಕ್ಕದ ಮೊಸರಿನ ಬಟ್ಟಲು ಎತ್ತಿದಳು, ತನ್ನ ತಾಟಿಗೆ ಸುರಿದುಕೊಂಡಳು, ಕಲಸಿಕೊಂಡು ಉಣ್ಣತೊಡಗಿದಳು.

ನಮ್ಮ ಮನೆಯಲ್ಲಿ ಮೊದಲ ಸಲ, ಸೀನಿದವನಿಗೇ ಪಥ್ಯ ಬಿತ್ತು.